ಹಕ್ಕಳೆಯ ಮೇಲೆ ಹೊಸ ಬಣ್ಣ



1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿಯಲ್ಲಿಯೂ, 1948ರಲ್ಲಿ ಅಡಿಗಲ್ಲು ಕಂಡ ಜಯನಗರದಲ್ಲಿಯೂ ಉಳಿದಿರುವ ಹಳೆಯ ಮನೆಗಳನ್ನು ನೋಡಿರಿ. ‘ಮಂಕಿ ಟಾಪ್’ ಎಂದು ಜನರು ಕರೆಯುವ ಮರದ ಜಾಲರಿ, ಕಿಟಕಿಯ ಚೌಕಟ್ಟು, ಬಾಗಿಲುಗಳ ಹೊರಮೈ ಬಿಸಿಲುಮಳೆಗೆ ಬಿರಿದು, ಬಣ್ಣವು ಹಕ್ಕಳೆಯೇಳುತ್ತದೆ. ಮದುವೆಯೋ ಹಬ್ಬವೋ ಹತ್ತಿರವಾದಾಗ ಗೃಹಸ್ಥನು ಅದರ ಮೇಲೆಯೇ ಹೊಸ ಬಣ್ಣವನ್ನು ಬಳಿಸುತ್ತಾನೆ. ಮನೆಯು ಬೆಳಗುತ್ತದೆ, ಆದರೆ ಮುಂದಿನ ಮಳೆಗಾಲಕ್ಕೆ ಹೊಸದೂ ಹಳೆಯದೂ ಕೂಡಿಯೇ ಕಳಚುತ್ತವೆ. ಏಕೆ? ಹೊಸ ಬಣ್ಣವು ಹಿಡಿದುದು ಮರವನ್ನಲ್ಲ, ಮರವನ್ನು ಬಿಟ್ಟ ಹಕ್ಕಳೆಯನ್ನು.

ಸೋರುವ ಸೂರಿನಿಂದಲೋ ಸೀಳಿದ ಸಂದಿನಿಂದಲೋ ನೀರು ಒಳಸೇರಿದರೆ ಮರವು ಉಬ್ಬಿ ಕುಗ್ಗುತ್ತದೆ. ಬಣ್ಣದ ಹಿಡಿತ ತಪ್ಪುತ್ತದೆ. ಆದುದರಿಂದ ಬಲ್ಲ ಕೆಲಸಗಾರನು ಮೊದಲು ಸೋರಿಕೆಯನ್ನು ನಿಲ್ಲಿಸುತ್ತಾನೆ. ಅಕ್ಟೋಬರಿನ ಮಳೆ ಕಳೆದ ಮೇಲೆ ಸಡಿಲವಾದುದನ್ನೆಲ್ಲ ಹೆರೆದು, ಮರಳುಕಾಗದದಿಂದ ಉಜ್ಜಿ, ಚೆನ್ನಾಗಿ ಒಣಗಿಸುತ್ತಾನೆ. ಕೊಳೆತುದನ್ನು ಕೆತ್ತಿ, ಬಿರುಕನ್ನು ತುಂಬಿ, ಪ್ರೈಮರ್ ಹಚ್ಚಿ, ಕಡೆಗೆ ಎರಡು ಲೇಪ ಬಣ್ಣ ಕೊಡುತ್ತಾನೆ. ಗಟ್ಟಿಯಾಗಿ ನಿಂತ ಹಳೆಯ ಬಣ್ಣವನ್ನಾದರೋ ಅವನು ಕೀಳುವುದಿಲ್ಲ. ಹಳೆಯದೆಂಬ ಮಾತ್ರಕ್ಕೆ ಯಾವುದೂ ತ್ಯಾಜ್ಯವಲ್ಲ.

ಇನ್ನೊಂದು ಎಚ್ಚರಿಕೆಯುಂಟು. ಗೃಹಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಪಾಲಿಗೆ 90 ಪಾಲನ್ನು ಮೀರಬಾರದೆಂಬ ನಿಯಮವು ನಮ್ಮ ದೇಶದಲ್ಲಿ ಜಾರಿಗೆ ಬಂದುದು 2017ರಲ್ಲಿ. ಅದಕ್ಕೂ ಹಳೆಯ ಬಣ್ಣದಲ್ಲಿ ಈ ವಿಷವು ಹೆಚ್ಚಾಗಿರಬಹುದು. ನೀರು ಚಿಮುಕಿಸಿ ಹೆರೆಯಬೇಕು, ಕೆಲಸಗಾರನು ಬಾಯಿ ಮೂಗುಗಳನ್ನು ಮುಚ್ಚಿಕೊಳ್ಳಬೇಕು, ಮಕ್ಕಳನ್ನು ದೂರವಿರಿಸಬೇಕು, ಹಕ್ಕಳೆಯನ್ನು ಬೀದಿಗೆ ಗುಡಿಸಬಾರದು. ತನ್ನ ದೋಷವನ್ನು ಹೆರೆಯುವವನು ಅದರ ಧೂಳನ್ನು ನೆರೆಯವರ ಮೇಲೆ ಎರಚುವುದು ಶುದ್ಧಿಯೆನಿಸದು.

ಅಂತರಂಗ ಬಹಿರಂಗಗಳೆರಡರ ಶುದ್ಧಿಯನ್ನೂ ಬಸವಾದಿ ಶರಣರು ಬೋಧಿಸಿದರು. ಒಡಹುಟ್ಟಿದವನ ಪಾಲನ್ನು ನುಂಗಿ, ಹಬ್ಬದ ದಿನ ಅವನನ್ನೇ ಪ್ರಸಾದಕ್ಕೆ ಕರೆಯುವವನು ವಿಭೂತಿಯನ್ನು ಹಕ್ಕಳೆಯ ಮೇಲೆ ಧರಿಸಿದ್ದಾನೆ. ಕಣ್ಣೀರು ಸುರಿಸಿದರೆ ಸಾಲದು. ಪಾಲನ್ನು ಮರಳಿ ಕೊಡಬೇಕು. ಸೋರಿಕೆಯನ್ನು ನಿಲ್ಲಿಸುವುದೆಂದರೆ ಅದೇ.

ಬಣ್ಣ ಬಳಿಯುವವನದೂ ಕಾಯಕವೇ. ಐದು ದಿನದ ಕೆಲಸವನ್ನು ಎರಡು ದಿನದಲ್ಲಿ ಮುಗಿಸೆಂದು ಅವಸರಪಡಿಸಿ, ಕೂಲಿಯನ್ನು ಇಳಿಸುವ ಯಜಮಾನನು ಆ ಕಾಯಕವನ್ನು ಹುಸಿಯಾಗಿಸುತ್ತಾನೆ. ಬಳಿಕ ಕೆಲಸಗಾರನನ್ನೇ ದೂರುತ್ತಾನೆ. ಹೆರೆಯುವುದಕ್ಕೂ ದಿನಗಳನ್ನು ಕೊಡಿರಿ, ಆ ದಿನಗಳಿಗೂ ಕೂಲಿಯನ್ನು ಕೊಡಿರಿ. ಕಾಣುವ ಬಣ್ಣಕ್ಕಿಂತ ಕಾಣದ ಈ ಕೆಲಸವೇ ಮನೆಯನ್ನು ಕಾಯುವುದು, ಮನವನ್ನೂ ಕಾಯುವುದು.