ಮಾರ್ಥಳ ಎರಡನೆಯ ಅಡುಗೆ

ಲೂಕನ ಸುವಾರ್ತೆಯ ಮಾರ್ಥ-ಮರಿಯರ ಕಥೆಯನ್ನು ಪ್ರಸಂಗದಲ್ಲಿ ಕೇಳಿದಾಗಲೆಲ್ಲ ನನಗೆ ಮಾರ್ಥಳ ಪರವಾಗಿ ಎದ್ದು ನಿಂತು ಮಾತಾಡಬೇಕೆನಿಸುತ್ತದೆ. ಮರಿಯಳು ಯೇಸುವಿನ ಪಾದದ ಬಳಿ ಕೂತು ಮಾತು ಕೇಳಿದಳು, ಮಾರ್ಥಳು ಅಡುಗೆಯ ಗಡಿಬಿಡಿಯಲ್ಲಿ ಸಿಕ್ಕಿಕೊಂಡು ತಂಗಿಯ ಮೇಲೆ ದೂರಿದಳು, ಯೇಸು ಅವಳಿಗೆ ಬುದ್ಧಿ ಹೇಳಿ ಮರಿಯಳನ್ನು ಮೆಚ್ಚಿದ. ಅಷ್ಟಕ್ಕೆ ಪ್ರಸಂಗ ಮುಗಿಯುತ್ತದೆ. ಕೇಳುತ್ತ ಕೂತ ಹೆಂಗಸರು ಆರಾಧನೆ ಮುಗಿದೊಡನೆ ಮನೆಗೆ ಓಡಿ ಮಸಾಲೆ ಅರೆಯಬೇಕಾದವರು. ಬದುಕಿನ ಬಹುಭಾಗವನ್ನು ವಾರ್ಡುಗಳಲ್ಲಿ ನರ್ಸ್ ಆಗಿ ಕಳೆದ ನಾನೂ ಮಾರ್ಥಳ ಪಂಗಡದವಳೇ.

ಮಾರ್ಥಳ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಯೋಹಾನನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯದಲ್ಲಿ, ಪಸ್ಕಹಬ್ಬಕ್ಕೆ ಆರು ದಿನ ಇರುವಾಗ, ಯೇಸು ಮತ್ತೆ ಬೇಥಾನ್ಯಕ್ಕೆ ಬರುತ್ತಾನೆ. ಸತ್ತು ಎದ್ದುಬಂದ ತಮ್ಮ ಲಾಜರ ಪಂಕ್ತಿಯಲ್ಲಿದ್ದಾನೆ. ಮರಿಯ ಬೆಲೆಬಾಳುವ ತೈಲ ತಂದು ಯೇಸುವಿನ ಪಾದಕ್ಕೆ ಹಚ್ಚುತ್ತಾಳೆ. ಮಾರ್ಥ? ಬಡಿಸುತ್ತಿದ್ದಾಳೆ. ಅದೇ ಕೆಲಸ, ಅದೇ ಅತಿಥಿ. ಈ ಸಲ ತಂಗಿಯ ಮೇಲೆ ದೂರಿಲ್ಲ, ನಾನೊಬ್ಬಳೇ ಸಾಯಬೇಕೇ ಎಂಬ ಮಾತಿಲ್ಲ. ಯೇಸುವೂ ಅವಳನ್ನು ತಡೆಯುವುದಿಲ್ಲ. ಹಾಗಾದರೆ ಮೊದಲ ಸಲ ಅವಳು ಕೇಳಿಸಿಕೊಂಡ ಬುದ್ಧಿಮಾತು ಅಡುಗೆಯ ಕುರಿತದ್ದಲ್ಲ, ಅಡುಗೆ ಮಾಡುತ್ತ ಒಳಗೇ ಲೆಕ್ಕ ಹಾಕುತ್ತಿದ್ದ ಆ ಮನಸ್ಸಿನ ಕುರಿತದ್ದು ಎಂದು ನಾನು ಓದಿಕೊಳ್ಳುತ್ತೇನೆ.

ಆ ಲೆಕ್ಕ ರೋಗಿಗೆ ಕಾಣುತ್ತದೆ. ಇದನ್ನು ನಾನು ಕಲಿತದ್ದು ರಾತ್ರಿಪಾಳಿಯಲ್ಲಿ. ಸೊಂಟದ ಮೂಳೆ ಮುರಿದು ಮಲಗಿದ್ದ ಅಜ್ಜನೊಬ್ಬ ಬೆಡ್‌ಪ್ಯಾನ್ ಬೇಕಾದರೂ ಬಾಯಿಬಿಡುತ್ತಿರಲಿಲ್ಲ. ಬೆಳಿಗ್ಗೆಯ ಪಾಳಿಯ ಆಯಾ ಬರುವವರೆಗೆ ತಡೆದುಕೊಳ್ಳುತ್ತಿದ್ದ. ಕಾರಣ ವಿಚಾರಿಸಿದರೆ, "ಅವಳಾದರೆ ಬೇಜಾರು ಮಾಡುದಿಲ್ಲ ಸಿಸ್ಟರ್" ಎಂದ. ರಾತ್ರಿಯವರು ಅವನಿಗೆ ಬೈದವರಲ್ಲ. ಕೆಲಸದಲ್ಲಿ ಒಂದು ಕೊರತೆಯೂ ಇರಲಿಲ್ಲ. ಪರದೆ ಎಳೆಯುವ ರೀತಿ, ಹೊದಿಕೆ ಸರಿಸುವ ಕೈ, ಬಿಡುವ ಉಸಿರು, ಇಷ್ಟರಲ್ಲೇ ಅವನು ತನ್ನ ಭಾರ ಎಷ್ಟೆಂದು ತೂಗಿಕೊಂಡಿದ್ದ. ಬೆಳಗಿನ ಆಯಾ ಓದುಬರಹ ಬಾರದವಳು. ಸ್ಪಂಜ್ ಬಾತ್‌ಗೆ ನೀರು ತಂದರೆ ಮೊದಲು ತನ್ನ ಮೊಣಕೈ ಅದ್ದಿ ನೋಡಿ, "ಹದ ಉಂಟಾ ಅಜ್ಜ?" ಎಂದು ಕೇಳಿಯೇ ಮುಂದಿನ ಕೆಲಸ. ಬೆನ್ನು ಒರೆಸುತ್ತ ಅವನ ಊರಿನ ಮಳೆ, ನಾಟಿ, ದನ ಎಲ್ಲ ವಿಚಾರಿಸುವಳು. ಅವಳ ಕೈಯಲ್ಲಿ ಅಜ್ಜ ಮತ್ತೆ ಮನೆಯ ಯಜಮಾನನಾಗುತ್ತಿದ್ದ.

ನನ್ನ ಅಜ್ಜಿಯ ನೆನಪೂ ಇಂಥದ್ದೇ. ಉಡುಪಿಯಲ್ಲಿ ಮಿಷನ್ ಆಸ್ಪತ್ರೆ ಎಂದರೆ 1923ರಲ್ಲಿ ಸ್ವಿಟ್ಜರ್ಲೆಂಡಿನ ಡಾಕ್ಟರ್ ಇವಾ ಲೊಂಬಾರ್ಡ್ ಶುರು ಮಾಡಿದ್ದು. ಅಜ್ಜಿಯ ಹೆರಿಗೆ ಅಲ್ಲೇ ಆದದ್ದು. ಕೊಟ್ಟ ಔಷಧದ ಹೆಸರು ಅವಳಿಗೆ ಗೊತ್ತಿರಲಿಲ್ಲ. ಗಂಜಿ ತಂದವರು ತನ್ನನ್ನು ಹೇಗೆ ಮಾತಾಡಿಸಿದರೆಂಬುದು ಕೊನೆಯವರೆಗೂ ನೆನಪಿತ್ತು.

ರೋಮಾಪುರದವರಿಗೆ ಬರೆದ ಪತ್ರದ ಹನ್ನೆರಡನೆಯ ಅಧ್ಯಾಯದಲ್ಲಿ ಪೌಲ ಸಭೆಯ ಬೇರೆ ಬೇರೆ ವರಗಳನ್ನು ಎಣಿಸುತ್ತಾನೆ. ದಾನ ಮಾಡುವವನಿಗೆ ಉದಾರತೆ ಇರಲಿ, ಮುಂದಾಳಿಗೆ ಆಸಕ್ತಿ ಇರಲಿ ಎನ್ನುತ್ತ ಬಂದು, ಕರುಣೆ ತೋರಿಸುವವನಿಗೆ ಸಂತೋಷದ ಶರತ್ತು ಹಾಕುತ್ತಾನೆ. ಬೋಧಿಸುವವನಿಗೆ ಆ ಶರತ್ತಿಲ್ಲ. ಸೋತು ಮಲಗಿದವರ ಹತ್ತಿರ ಹೋಗುವವನಿಗೆ ಮಾತ್ರ ಇದೆ. ಪೌಲ ಕಾರಣ ಹೇಳಿಲ್ಲ, ಆದರೆ ಆ ಅಜ್ಜನ ಮಂಚದ ಪಕ್ಕ ನಿಂತವಳಿಗೆ ಕಾರಣ ಬೇಕಿಲ್ಲ. ಮುಖ ಗಂಟಿಕ್ಕಿ ಮಾಡಿದ ಉಪಕಾರ ಪಡೆದವನನ್ನು ಸಾಲಗಾರನನ್ನಾಗಿ ಮಾಡಿಬಿಡುತ್ತದೆ.

ಹಾಗೆಂದು ಎಲ್ಲರೂ ಸದಾ ನಗುತ್ತಿರಬೇಕೆಂದು ನಾನು ಹೇಳುತ್ತಿಲ್ಲ. ಈ ಮಾತಿನಲ್ಲಿ ಒಂದು ಅಪಾಯವಿದೆ, ಅದನ್ನು ಮುಚ್ಚಿಡಬಾರದು. ನಮ್ಮ ಮನೆಗಳಲ್ಲಿ ಸೊಸೆಗೆ, ಆಸ್ಪತ್ರೆಗಳಲ್ಲಿ ನರ್ಸಿಗೆ, ಎಷ್ಟೋ ಕಾಲದಿಂದ "ನಗುನಗುತ್ತಾ ಮಾಡು" ಎಂದು ಹೇಳಿ ದುಡಿಸಿಕೊಂಡಿದ್ದಾರೆ. ಸಂಬಳದ ಮಾತೆತ್ತಿದರೆ "ಇದು ಸೇವೆಯಲ್ಲವಾ?" ಎಂಬ ಉತ್ತರ ನಾನೂ ಕೇಳಿದ್ದೇನೆ. ಸಂತೋಷವನ್ನು ಮೇಲಿನವರು ಕೆಳಗಿನವರಿಂದ ವಸೂಲಿ ಮಾಡುವಂತಿಲ್ಲ; ಹಾಗೆ ಮಾಡಿದರೆ ಅದು ಸುವಾರ್ತೆಯ ಹೆಸರಿನಲ್ಲಿ ನಡೆಯುವ ಅನ್ಯಾಯ. ಡಬಲ್ ಡ್ಯೂಟಿ ಮುಗಿಸಿ ನಿಂತಲ್ಲೇ ತೂಕಡಿಸುವ ಹುಡುಗಿಗೆ ಬೇಕಾದದ್ದು ಉಪದೇಶವಲ್ಲ, ನಿದ್ದೆ. ಊಟಕ್ಕೂ ಬಿಡುವಿಲ್ಲದಂತೆ ಜನ ಮುತ್ತಿಕೊಂಡಾಗ, ಬನ್ನಿ, ಸ್ವಲ್ಪ ದಣಿವಾರಿಸಿಕೊಳ್ಳಿ ಎಂದು ಯೇಸುವೇ ಶಿಷ್ಯರನ್ನು ಏಕಾಂತ ಸ್ಥಳಕ್ಕೆ ಕರೆದ ಸಂಗತಿ ಮಾರ್ಕನ ಆರನೆಯ ಅಧ್ಯಾಯದಲ್ಲಿದೆ. ಸೇವೆಯ ಬಗ್ಗೆ ಮಾತಾಡುವವರು ಅದನ್ನೂ ಓದಬೇಕು.

ಒತ್ತಾಯದಿಂದ ಬಾರದ ಈ ಸಂತೋಷ ಎಲ್ಲಿಂದ ಬರುತ್ತದೆ? ಇಲ್ಲಿ ನನಗೆ ದಾರಿ ತೋರಿಸಿದವನು ಪೇತ್ರ. ಕೊನೆಯ ಊಟದ ರಾತ್ರಿ ಯೇಸು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆಯುತ್ತ ಬಂದಾಗ ಪೇತ್ರ ಕಾಲು ಹಿಂದೆಳೆದುಕೊಳ್ಳುತ್ತಾನೆ. ಗುರುವಿನಿಂದ ಸೇವೆ ಮಾಡಿಸಿಕೊಳ್ಳುವುದು ಅವನಿಗಾಗದು. ಆದರೆ ತೊಳೆಸಿಕೊಳ್ಳದಿದ್ದರೆ ನಿನಗೂ ನನಗೂ ಸಂಬಂಧವಿಲ್ಲ ಎಂಬ ಕಟ್ಟುನಿಟ್ಟಿನ ಉತ್ತರ ಸಿಗುತ್ತದೆ. ನೀವೂ ಒಬ್ಬರ ಕಾಲು ಒಬ್ಬರು ತೊಳೆಯಿರಿ ಎಂಬ ಮಾತು ಬರುವುದು ಅದಾದ ಮೇಲೆ. ಮೊದಲು ಪಡೆಯಬೇಕು, ಆಮೇಲೆ ಕೊಡಬೇಕು. ತನಗೆ ಯಾರ ಹಂಗೂ ಇಲ್ಲವೆಂದುಕೊಂಡವನು ಎಷ್ಟೇ ಸೇವೆ ಮಾಡಿದರೂ ಮೇಲಿನಿಂದ ಕೆಳಕ್ಕೆ ಬಾಗಿಯೇ ಮಾಡುತ್ತಾನೆ.

ಬಾಸೆಲ್ ಮಿಷನ್ ಪರಂಪರೆಯ ಮನೆಯಲ್ಲಿ ಬೆಳೆದ ನನಗೆ ಕಥೋಲಿಕ ಸಂತರ ಪರಿಚಯ ತಡವಾಗಿ ಆಯಿತು. ಫ್ರಾನ್ಸಿನ ಜೀನ್ ಜುಗಾನ್ ಬಗ್ಗೆ ಓದಿದಂದಿನಿಂದ ಆಕೆ ನನ್ನ ಮನಸ್ಸಿನಿಂದ ಹೋಗಿಲ್ಲ. ದುಡಿದು ತಿನ್ನುತ್ತಿದ್ದ ಬಡ ಹೆಂಗಸು. 1839ರಲ್ಲಿ ಕುರುಡಿಯಾಗಿದ್ದ ಒಬ್ಬ ಮುದುಕಿಯನ್ನು ಮನೆಗೆ ಕರೆತಂದು, ತನ್ನ ಹಾಸಿಗೆ ಬಿಟ್ಟುಕೊಟ್ಟು, ತಾನು ಅಟ್ಟದ ಮೇಲೆ ಮಲಗಿದಳು. ಅಲ್ಲಿಂದ ಹುಟ್ಟಿದ್ದು ಲಿಟಲ್ ಸಿಸ್ಟರ್ಸ್ ಆಫ್ ದಿ ಪೂವರ್ ಸಂಸ್ಥೆ. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಅವರ ವೃದ್ಧಾಶ್ರಮವಿದೆ. ಆದರೆ ಸಂಸ್ಥೆ ಹುಟ್ಟಿದ ಕೆಲವೇ ವರ್ಷಗಳಲ್ಲಿ ಒಬ್ಬ ಪಾದ್ರಿ ಸ್ಥಾಪಕನ ಪಟ್ಟವನ್ನು ತನ್ನದಾಗಿಸಿಕೊಂಡು ಜೀನ್‌ಳನ್ನು ಬದಿಗೆ ಸರಿಸಿದ. ಕೊನೆಯ 27 ವರ್ಷ ಆಕೆ ಮಠದ ಮೂಲೆಯಲ್ಲಿ, ಹೊಸದಾಗಿ ಸೇರಿದ ಹುಡುಗಿಯರ ನಡುವೆ ಕಳೆದಳು. 1879ರಲ್ಲಿ ತೀರಿಕೊಂಡಾಗ ಈಕೆಯೇ ಸ್ಥಾಪಕಿ ಎಂದು ಅವರಲ್ಲಿ ಹಲವರಿಗೆ ಗೊತ್ತಿರಲಿಲ್ಲ. 2009ರಲ್ಲಿ ಸಂತ ಪದವಿ ಸಿಕ್ಕಿತು. ಆಕೆಗಾದ ಅನ್ಯಾಯ ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಆದರೂ ಹೆಸರು ಅಳಿಸಿದ ಮೇಲೂ ಕಹಿಯಾಗದೆ ಉಳಿದಳಲ್ಲ, ಆ ಸಂತೋಷದ ಬೇರು ಹೊಗಳಿಕೆಯಲ್ಲಿ ಇರಲಾರದು.

ಈಗ ನನ್ನ ಅತ್ತೆ ಪಾರ್ಶ್ವವಾಯು ಹೊಡೆದು ಮನೆಯಲ್ಲಿ ಮಲಗಿದ್ದಾರೆ. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕೂರಿಸಿ, ಗಲ್ಲ ತಗ್ಗಿಸಿ, ಸಣ್ಣ ಚಮಚದಲ್ಲಿ ಗಂಜಿ ಕೊಡಬೇಕು. ಮೊದಮೊದಲು ಅವರ ಮಗ ಮೈ ಒರೆಸಲು ಬಂದರೆ "ನೀನು ಬೇಡ, ಅವಳು ಮಾಡಲಿ" ಎಂದು ಮುಖ ತಿರುಗಿಸುತ್ತಿದ್ದರು. ನಾನು ಅವರ ಕೈಹಿಡಿದು ಕೂತು, "ಅತ್ತೆ, ನೀವು ಅವರನ್ನು ಎಷ್ಟು ಸಲ ಮೀಯಿಸಿದ್ದೀರಿ, ಒಂದು ಸಲ ಅವರೂ ಮಾಡ್ಲಿ" ಎಂದೆ. ತುಂಬ ಹೊತ್ತು ಬಿಟ್ಟು ತಲೆಯಾಡಿಸಿದರು. ಈಗ ಬೆಳಗಿನ ಸ್ನಾನ ಗಂಡನ ಪಾಲು; ಅಮ್ಮ-ಮಗ ಏನೋ ಹಳೆಯ ಮಾತು ತೆಗೆದು ನಗುವುದು ಅಡುಗೆಮನೆಗೆ ಕೇಳುತ್ತದೆ. ಅತ್ತೆಯ ಆಡುವ ಒಂದು ಕೈಗೆ ನಾನು ಬೆಳ್ಳುಳ್ಳಿಯ ತಟ್ಟೆ ಕೊಡುತ್ತೇನೆ. ಸಿಪ್ಪೆ ಬಿಡಿಸಿ ಕೊಡುತ್ತಾರೆ, ನಿಧಾನಕ್ಕೆ, ಮಧ್ಯಾಹ್ನದ ಸಾರಿಗೆ ಆಗುವಷ್ಟು.