ಹಿಂತಿರುಗಿಸುವ ಗಡುವು

1997ರಲ್ಲಿ ಕರ್ನಾಟಕದಲ್ಲಿ ಎರಡು ಆಟದ ಕೂಟಗಳು ನಡೆದವು. ಒಂದು, ಬೆಂಗಳೂರು ಮುಖ್ಯ ನೆಲೆಯಾಗಿ ನಡೆದ ರಾಷ್ಟ್ರೀಯ ಕ್ರೀಡಾಕೂಟ. ಇನ್ನೊಂದು, ಕೊಡಗಿನ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬ. ಅಂದು ಆಡಿದ್ದು 60 ಒಕ್ಕಗಳು, ಅಂದರೆ ಮನೆತನಗಳು. ಮೊದಲನೆಯದು ಬೆಂಗಳೂರಿಗೆ ಕ್ರೀಡಾಂಗಣಗಳನ್ನೂ ಕೋರಮಂಗಲದಲ್ಲಿ ‘ನ್ಯಾಷನಲ್ ಗೇಮ್ಸ್ ವಿಲೇಜ್’ ಎಂಬ ಬಡಾವಣೆಯನ್ನೂ ಬಿಟ್ಟುಹೋಯಿತು. ಎರಡನೆಯದು ಬಿಟ್ಟುಹೋದದ್ದು, ಮುಂದಿನ ವರ್ಷ ಯಾವ ಒಕ್ಕ ಈ ಹೊಣೆ ಹೊರುತ್ತದೆ ಎಂಬ ಮಾತನ್ನು.

ಇವೆರಡನ್ನು ಒಂದೇ ತಕ್ಕಡಿಗೆ ಹಾಕುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಅಳತೆಯಲ್ಲಿ ಸರಿಯಲ್ಲ, ನಿಜ. ಆದರೆ 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಸಿಕ್ಕಿದೆ, 2036ರ ಒಲಿಂಪಿಕ್ಸ್‌ಗೂ ನಮ್ಮ ದೇಶ ಕೈಯೆತ್ತಿದೆ. ಇಂಥ ಹೊತ್ತಿನಲ್ಲಿ ಊರೊಂದು ಆತಿಥೇಯನಾಗುವುದು ಎಂದರೆ ಏನು ಎಂಬ ಪ್ರಶ್ನೆ ಹಳ್ಳಿಯ ಮೈದಾನಕ್ಕೂ ಮಹಾನಗರಕ್ಕೂ ಒಂದೇ.

ಅತಿಥಿ ಎಂದರೆ ತಿಥಿ ಹೇಳದೆ ಬರುವವನು ಎಂದು ಹಿರಿಯರು ಬಿಡಿಸಿ ಹೇಳುತ್ತಿದ್ದರು. ದೊಡ್ಡ ಕ್ರೀಡಾಕೂಟ ಇದಕ್ಕೆ ತದ್ವಿರುದ್ಧ. ಅದರ ತಾರೀಖು ಎಷ್ಟೋ ವರ್ಷ ಮೊದಲೇ ಗೊತ್ತಿರುತ್ತದೆ. ಕೇಡಿನ ಬೀಜ ಇರುವುದು ಆ ತಾರೀಖಿನಲ್ಲೇ ಎಂದು ನನಗೆ ಅನ್ನಿಸುತ್ತದೆ. ಉದ್ಘಾಟನೆಯ ದಿನ ಹತ್ತಿರವಾದಷ್ಟೂ ಕೇಳಬೇಕಾದ ಪ್ರಶ್ನೆಗಳನ್ನು ಆಮೇಲೆ ನೋಡೋಣ ಎಂದು ಬದಿಗಿಡುತ್ತೇವೆ. ಆಮೇಲೆ ನೋಡುವುದಕ್ಕೆ ಕಾಂಕ್ರೀಟ್ ಮಾತ್ರ ಉಳಿದಿರುತ್ತದೆ. 2010ರ ಕಾಮನ್‌ವೆಲ್ತ್ ಕೂಟಕ್ಕಾಗಿ ದೆಹಲಿಯಲ್ಲಿ ಕ್ರೀಡಾಗ್ರಾಮ ಎದ್ದದ್ದು ಯಮುನೆಯ ನೆರೆಬಯಲಿನಲ್ಲಿ. ಬಡವರ ಗುಡಿಸಲುಗಳು ನೆಲಸಮವಾದದ್ದೂ ಅದೇ ಗಡುವಿನ ಹೆಸರಿನಲ್ಲಿ. ಮಾಂಟ್ರಿಯಲ್ ನಗರ 1976ರ ಒಲಿಂಪಿಕ್ಸ್ ಕ್ರೀಡಾಂಗಣದ ಸಾಲ ತೀರಿಸಿದ್ದು 2006ರಲ್ಲಿ. ಆ ಆಟ ನಡೆದಾಗ ಹುಟ್ಟಿಯೇ ಇರದಿದ್ದವರು ಅದಕ್ಕೆ ತೆರಿಗೆ ಕಟ್ಟಿದರು.

ನಮ್ಮ ಬೆಂಗಳೂರಿನ ಕಥೆಯೂ ಬೇರೆಯಲ್ಲ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕರಗದ ಆಚರಣೆಗೆಂದು ಒಂದು ಚಿಕ್ಕ ಕೊಳ ಉಳಿಯಿತು. ಕೋರಮಂಗಲದ ಕೆರೆಯಂಗಳದಲ್ಲಿ ಗೇಮ್ಸ್ ವಿಲೇಜ್ ಬಂತು, ಅದರ ಕಟ್ಟಡಗಳಿಗೆ ನದಿಗಳ ಹೆಸರಿಟ್ಟರು. ನೀರನ್ನು ಹೊರದಬ್ಬಿ ನೀರಿನ ಹೆಸರನ್ನು ಒಳಗಿಟ್ಟುಕೊಂಡ ಆ ಜಾಗವನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಜೋರು ಮಳೆಗೆ ಕೋರಮಂಗಲದ ಬೀದಿಗಳು ಹೊಳೆಯಾಗುವುದನ್ನು ಪ್ರತಿ ವರ್ಷವೆಂಬಂತೆ ನೋಡುತ್ತೇವೆ. ಇನ್ನೂ ಹತ್ತಿರದ ಮಾತು ಹೇಳಬೇಕೆಂದರೆ, ನಮ್ಮ ಕೊಡಗಿನ ಎಷ್ಟೋ ಹುಡುಗರು ಹೆಸರು ಮಾಡಿದ ಬೆಂಗಳೂರಿನ ಹಾಕಿ ಕ್ರೀಡಾಂಗಣವೂ ನಿಂತಿರುವುದು ಅಕ್ಕಿತಿಮ್ಮನಹಳ್ಳಿ ಕೆರೆಯ ಮೇಲೆ. ನಮ್ಮ ಹೆಮ್ಮೆಯ ಅಡಿಯಲ್ಲೂ ಒಂದು ಕೆರೆ ಇದೆ.

ಹಾಗಾದರೆ ಕೂಟಗಳೇ ಬೇಡವೇ? ಹಾಗೆನ್ನಲಾರೆ. 1992ರ ಒಲಿಂಪಿಕ್ಸ್ ನೆಪದಲ್ಲಿ ಬಾರ್ಸಿಲೋನಾ ತನ್ನ ಹಳೆಯ ಕಾರ್ಖಾನೆಗಳ ಸಾಲನ್ನು ತೆರವು ಮಾಡಿ ಜನರಿಗೆ ಕಡಲತೀರ ಬಿಟ್ಟುಕೊಟ್ಟಿತು. ಅದು ಊರಿಗೆ ಮೊದಲೇ ಬೇಕಿದ್ದ ಕೆಲಸ, ಆಟ ಅದಕ್ಕೆ ನೆಪವಾಯಿತು. ಆಟಕ್ಕೆ ಊರೇ ನೆಪವಾದಾಗ ಲೆಕ್ಕ ತಪ್ಪುತ್ತದೆ.

ಕೊಡವ ಹಾಕಿ ಹಬ್ಬದಲ್ಲಿ ನಾನು ಕಾಣುವ ದೊಡ್ಡ ವಿವೇಕ ಅದರ ಕಾಲದಲ್ಲಿದೆ. ಶಾಲೆಗೆ ರಜೆ ಬಿಟ್ಟ ಮೇಲೆ, ಮಳೆ ಹಿಡಿಯುವ ಮೊದಲು ಅದು ಮುಗಿಯಬೇಕು. ಜೂನ್‌ನಲ್ಲಿ ಮುಂಗಾರು ಬರುತ್ತದೆ, ಮಕ್ಕಳು ಶಾಲೆಗೆ ಬರುತ್ತಾರೆ, ಅಷ್ಟರಲ್ಲಿ ಮೈದಾನ ಬಿಟ್ಟುಕೊಟ್ಟಿರಬೇಕು. ಈ ಹಬ್ಬಕ್ಕೂ ಗಡುವಿದೆ, ಆದರೆ ಅದು ಹಿಂತಿರುಗಿಸುವ ಗಡುವು. ನಗರಗಳ ಕೂಟಕ್ಕೆ ಶುರುವಿನ ತಾರೀಖು ಮಾತ್ರ ಗೊತ್ತು. ತೆಗೆದುಕೊಂಡ ನೆಲವನ್ನು ಯಾರಿಗೆ, ಯಾವಾಗ, ಯಾವ ಸ್ಥಿತಿಯಲ್ಲಿ ಒಪ್ಪಿಸಬೇಕು ಎಂದು ಯಾರೂ ಬರೆದಿಡುವುದಿಲ್ಲ. ಇನ್ನೊಂದು ವಿವೇಕ, ಕಪ್ಪಿಗೆ ಇಡುವ ಹೆಸರು. 2023ರಲ್ಲಿ ಅಪ್ಪಚೆಟ್ಟೋಳಂಡ, 2024ರಲ್ಲಿ ಕುಂಡ್ಯೋಳಂಡ, 2025ರಲ್ಲಿ ಮುದ್ದಂಡ: ನಡೆಸಿಕೊಡುವ ಒಕ್ಕದ ಹೆಸರೇ ಕೂಟದ ಹೆಸರು. ಏನಾದರೂ ಎಡವಟ್ಟಾದರೆ ಒಕ್ಕದ ಮೂಲಮನೆಯಾದ ಐನ್‌ಮನೆಯವರೆಗೂ ಆ ಮಾತು ಹೋಗುತ್ತದೆ. ಕೆರೆ ಮುಚ್ಚಿದ ತೀರ್ಮಾನಕ್ಕೆ ಹೀಗೆ ಯಾರ ಮನೆತನದ ಹೆಸರೂ ಅಂಟಿಕೊಂಡಿಲ್ಲ.

ಇದನ್ನು ಹೇಳುವಾಗ ನಮ್ಮ ಹಬ್ಬದ ಬಗ್ಗೆಯೂ ನನಗೆ ಭಯವಿದೆ. ನಾಪೋಕ್ಲುವಿನಲ್ಲಿ 2024ರಲ್ಲಿ 360 ತಂಡಗಳು ಆಡಿ ಗಿನ್ನೆಸ್ ದಾಖಲೆಯಾಯಿತು. ಮರುವರ್ಷ ಮಡಿಕೇರಿಯಲ್ಲಿ ತಂಡಗಳು 396ಕ್ಕೆ ಏರಿದವು. ಅಣ್ಣ, ತಂಗಿ, ಅಜ್ಜ, ಮೊಮ್ಮಗ ಒಂದೇ ತಂಡದಲ್ಲಿ ಸ್ಟಿಕ್ ಹಿಡಿಯುವ ಆ ನೋಟಕ್ಕೆ ದಾಖಲೆಯ ಹಂಗಿಲ್ಲ. ಆದರೆ ದಾಖಲೆಯ ರುಚಿ ಒಮ್ಮೆ ಹತ್ತಿದರೆ ಶಾಶ್ವತ ಗ್ಯಾಲರಿ ಬೇಕು, ಅದಕ್ಕೆ ದಾರಿ ಅಗಲವಾಗಬೇಕು, ದಾರಿಗಾಗಿ ಗುಡ್ಡ ಕಡಿಯಬೇಕು ಎಂಬ ಮಾತು ಹೊರಡಲು ತಡವಾಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕುಸಿದ ಗುಡ್ಡಗಳನ್ನು ನೋಡಿದ ನಾಡು ಇದು. ವರ್ಷಕ್ಕೊಂದು ಒಕ್ಕ ಹೊರುವ ಖರ್ಚು ಸಣ್ಣ ಒಕ್ಕಗಳ ಕೈಮೀರಿ ಹೋದರೆ, ಸರದಿ ಉಳ್ಳವರಲ್ಲೇ ಸುತ್ತುತ್ತದೆ.

ಅಹಮದಾಬಾದಿನವರು ಸಾಬರಮತಿಯ ದಡದಲ್ಲಿ ನಕಾಶೆ ಬಿಡಿಸುವಾಗ ಒಂದು ಕಾಗದವನ್ನು ಮೊದಲೇ ಬರೆದಿಡಲಿ: ಕೂಟ ಮುಗಿದ ಮರುದಿನದಿಂದ ಈ ನೆಲ ಯಾರದು, ಈ ಸಾಲ ಯಾರದು, ಒಪ್ಪಿಸುವ ಹೊಣೆ ಯಾರ ಹೆಸರಿನಲ್ಲಿದೆ. ನಮ್ಮಲ್ಲಿ ಫೈನಲ್ ಮುಗಿದ ಮೇಲೆ ಗ್ಯಾಲರಿಯ ಕಂಬಗಳನ್ನು ಬಿಚ್ಚಬೇಕು, ಗುಂಡಿ ಮುಚ್ಚಬೇಕು, ತುಳಿದು ಗಟ್ಟಿಯಾದ ಮಣ್ಣಿನಲ್ಲಿ ಹುಲ್ಲು ಮತ್ತೆ ಚಿಗುರಬೇಕು. ಅಷ್ಟರಲ್ಲಿ ಮಳೆ ಬಂದಿರುತ್ತದೆ.