ರೇಖೆಯೂ ನಾಮವೂ

ಕೃತಿಯೊಡನೆ ಕರ್ತೃವಿನ ಹೆಸರೂ ಉಳಿಯಬೇಕೆ, ಅಥವಾ ಹೆಸರನ್ನು ತೊರೆಯುವುದೇ ಕಲೆಯ ಧರ್ಮವೆ ಎಂಬುದು ವಿಚಾರಾರ್ಹವಾದ ಪ್ರಶ್ನೆಯು. ಸಿರಸಿ, ಸಿದ್ದಾಪುರಗಳ ಸೀಮೆಯಲ್ಲಿಯೇ ಇದಕ್ಕೆ ಎರಡು ಭಿನ್ನ ನಿದರ್ಶನಗಳುಂಟು.

ಮೊದಲನೆಯದು ದೀವರ ಹೆಂಗಸರು ಬರೆಯುವ ಹಸೆಗೋಡೆಯ ಚಿತ್ತಾರ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ ಇವುಗಳನ್ನು ಪುಂಡಿನಾರಿನ ಕುಂಚದಲ್ಲಿ ಅದ್ದಿ ಅವರು ಎಳೆಗಳನ್ನು ಎಳೆಯುವರು. ಸಣ್ಣದೊಂದು ಆಕೃತಿಯನ್ನೇ ಅಳತೆ ತಪ್ಪದಂತೆ ಮತ್ತೆ ಮತ್ತೆ ಬರೆದು ದೊಡ್ಡ ಚೌಕವನ್ನು ತುಂಬುವ ಈ ವಿಧಾನವನ್ನು ತಾಯಿಯ ಕೈ ನೋಡಿ ಮಗಳು ಕಲಿಯುವಳು. ಮದುವೆಯಲ್ಲಿ ವಧೂವರರು ಕುಳಿತುಕೊಳ್ಳುವುದು ಇದರ ಮುಂದೆಯೇ. ಬರೆದವಳ ಹೆಸರು ಮಾತ್ರ ಗೋಡೆಯ ಮೇಲೆ ಇರುವುದಿಲ್ಲ.

ಎರಡನೆಯದು ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿರುವ ಐದು ಹೆಡೆಯ ನಾಗಶಿಲೆ. ಕ್ರಿಸ್ತಶಕದ ಆದಿಭಾಗದ ಶತಮಾನಗಳಿಗೆ ಸೇರಿದ ಅದರ ಪ್ರಾಕೃತ ಶಾಸನವು ದಾನಮಾಡಿದ ರಾಜಪುತ್ರಿ ಶಿವಸ್ಕಂದನಾಗಶ್ರೀಯೊಡನೆ, ಕಡೆದ ಶಿಲ್ಪಿ ನಟಕನನ್ನೂ ಅವನ ಆಚಾರ್ಯನನ್ನೂ ಹೆಸರಿಸುವುದು.

ಫಲಾಪೇಕ್ಷೆಯಿಲ್ಲದ ಕರ್ಮವೇ ಶ್ರೇಷ್ಠವಾದುದರಿಂದ ಚಿತ್ತಾರಗಾರ್ತಿಯೇ ಶಿಲ್ಪಿಗಿಂತ ಮೇಲೆಂದು ಕೆಲವರು ವಾದಿಸಬಹುದು. ಆದರೆ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಊರೊಳಗಿನ ಗೋಡೆಗೆ ಹೆಸರಿನ ಅಗತ್ಯವೇ ಇಲ್ಲ. ಅದು ಯಾರ ಕೈಯ ಎಳೆಯೆಂಬುದನ್ನು ನೆರೆಹೊರೆಯವರೆಲ್ಲರೂ ಬಲ್ಲರು. ಅದೇ ಎಳೆಯು ಗೋಡೆಯನ್ನು ಬಿಟ್ಟು ಕಾಗದಕ್ಕೂ ಬಟ್ಟೆಗೂ ಚೀಲಕ್ಕೂ ಏರಿ ಪೇಟೆಗೆ ಹೋದಾಗ ಆ ತಿಳಿವಳಿಕೆಯು ದಾರಿಯಲ್ಲಿಯೇ ಕಳೆದುಹೋಗುವುದು. ಹೆಸರನ್ನು ತಾನಾಗಿ ತೊರೆದರೆ ತ್ಯಾಗವೆನಿಸೀತು. ಕೊಂಡವನು ಅಳಿಸಿದುದನ್ನು ಬರೆದವಳ ತ್ಯಾಗವೆಂದು ಹೊಗಳುವುದು ನ್ಯಾಯವಲ್ಲ.

ಜರ್ಮನಿಯ ವೈಮಾರ್ ನಗರದಲ್ಲಿ 1919ರಲ್ಲಿ ವಾಲ್ಟರ್ ಗ್ರೋಪಿಯಸ್ ಸ್ಥಾಪಿಸಿದ ಬೌಹೌಸ್ ಶಾಲೆಯು ಕುಶಲಕರ್ಮಿಗೂ ಕಲಾವಿದನಿಗೂ ಮೂಲತಃ ಭೇದವಿಲ್ಲವೆಂದು ಸಾರಿ, ವಿನ್ಯಾಸಕಲೆಯ ಮೇಲೆ ಲೋಕವ್ಯಾಪಕವಾದ ಪ್ರಭಾವವನ್ನು ಬೀರಿತು. ಆ ಮಾತನ್ನು ಒಪ್ಪುವವರು ಕಲಾವಿದನ ಹೆಸರನ್ನು ಅಚ್ಚುಮಾಡಿ, ಚಿತ್ತಾರಗಾರ್ತಿಯದನ್ನು ಬಿಡುವುದು ಹೇಗೆ ಸಲ್ಲುವುದು?

ಚಿತ್ತಾರವು ಒಬ್ಬಳ ಸೃಷ್ಟಿಯಲ್ಲ, ಪರಂಪರೆಯದು ಎಂಬ ಆಕ್ಷೇಪವೊಂದು ಉಳಿಯುವುದು. ಅದು ನಿಜವೇ. ನಾಗಶಿಲೆಯ ಶಾಸನವು ಇದಕ್ಕೂ ಸಮಾಧಾನವನ್ನು ಹೇಳಿದೆ: ಅಲ್ಲಿ ಶಿಷ್ಯನೂ ಇರುವನು, ಗುರುವೂ ಇರುವನು. ಚಿತ್ತಾರವನ್ನು ಅಚ್ಚುಹಾಕಿ ಮಾರುವವರು ಬರೆದವಳ ಹೆಸರನ್ನೂ ಆಕೆಗೆ ಕಲಿಸಿದ ಸಮುದಾಯದ ಹೆಸರನ್ನೂ ಜೊತೆಯಲ್ಲಿ ಕಾಣಿಸಿದರೆ ಪರಂಪರೆಗೆ ಕುಂದಿಲ್ಲ, ವ್ಯಕ್ತಿಗೂ ಅನ್ಯಾಯವಿಲ್ಲ. ಅದಕ್ಕೆ ಬೇಕಾಗುವುದು ಒಂದು ಸಾಲಿನಷ್ಟು ಸ್ಥಳ ಮಾತ್ರ.